‘ಕಿಡ್’ ಎಂಬ ಪದದ ಚರಿತ್ರೆ: ಮೇಕೆಮರಿ, ಮಗು ಮತ್ತು ಮಾರುಕಟ್ಟೆ

ಇಂದು ಯಾವ ನಗರದ ಪೇಟೆಬೀದಿಯಲ್ಲಿ ನಡೆದರೂ ‘ಕಿಡ್ಸ್’ ಎಂಬ ಫಲಕ ಒಂದಾದರೂ ಕಣ್ಣಿಗೆ ಬೀಳದಿರದು. ಮಕ್ಕಳ ಉಡುಪಿನ ಅಂಗಡಿ, ಆಟಿಕೆಯ ಮಳಿಗೆ, ಶಿಶುವಿಹಾರ, ಎಲ್ಲಕ್ಕೂ ಅದೇ ಹೆಸರು. ಬಸದಿಯ ಪಾಠಶಾಲೆಗೆ ಮಕ್ಕಳನ್ನು ಕರೆತರುವ ತಾಯಂದಿರ ಮಾತಿನಲ್ಲಿಯೂ ಈ ಪದ ಸಹಜವಾಗಿ ಸೇರಿಹೋಗಿದೆ. ಆದರೆ ಇಂಗ್ಲಿಷ್ ನಿಘಂಟನ್ನು ತೆರೆದು ನೋಡಿದವರಿಗೆ ಮೊದಲು ದೊರೆಯುವ ಅರ್ಥ ‘ಮಗು’ ಎಂದಲ್ಲ, ‘ಮೇಕೆಯ ಮರಿ’ ಎಂದು. ಅದರ ಕೆಳಗೆ ‘ಆ ಮರಿಯ ತೊಗಲು’. ಅದಾದ ಮೇಲೆ ‘ಮಗು’. ಕ್ರಿಯಾಪದವಾದರೆ ‘ಹಾಸ್ಯ ಮಾಡು, ಮರುಳುಗೊಳಿಸು’. ಪ್ರಾಣಿಯೊಂದರ ಹಸುಳೆ, ಅದರ ಚರ್ಮದ ಸರಕು, ಮನುಷ್ಯನ ಕೂಸು, ಮೋಸದ ಮಾತು ಇವು ನಾಲ್ಕೂ ಒಂದೇ ಶಬ್ದದಲ್ಲಿ ಹೇಗೆ ಬಂದು ಕೂಡಿದವೆಂಬುದು ಕೇವಲ ಭಾಷಾಶಾಸ್ತ್ರಜ್ಞರ ಕುತೂಹಲಕ್ಕೆ ಸೇರಿದ ವಿಷಯವಲ್ಲ. ಆ ಕಥೆಯಲ್ಲಿ ವ್ಯಾಪಾರವಿದೆ, ಲೆಕ್ಕದ ಪುಸ್ತಕವಿದೆ, ನ್ಯಾಯಾಲಯವೂ ಇದೆ.

ಪದದ ಹುಟ್ಟು ಉತ್ತರ ಯೂರೋಪಿನ ಸ್ಕ್ಯಾಂಡಿನೇವಿಯಾ ಪ್ರದೇಶದ್ದು. ಅಲ್ಲಿಂದ ಬಂದು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಜನರ ನುಡಿಯಲ್ಲಿ ಮೇಕೆಮರಿಗೆ ಇದ್ದ ಹೆಸರು, ಸುಮಾರು 1200ರ ವೇಳೆಗೆ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೂ ಹಿಂದೆ ಹಳೆಯ ಇಂಗ್ಲಿಷಿನಲ್ಲಿ ‘ಟಿಚ್ಚೆನ್’ ಎಂಬ ಬೇರೆಯೇ ಪದ ರೂಢಿಯಲ್ಲಿತ್ತು. ಹೊಸ ಪದ ಬಂದ ಮೇಲೆ ಅದು ಅಳಿಸಿಹೋಯಿತು. ಮುಂದೆ ಬೈಬಲ್ಲಿನ ಇಂಗ್ಲಿಷ್ ಅನುವಾದದಲ್ಲಿಯೂ ಮೇಕೆಮರಿಗೆ ಇದೇ ಪದ ಬಂದಿತು. ಯಹೂದ್ಯರ ಧರ್ಮಶಾಸ್ತ್ರದಲ್ಲಿ ಮೇಕೆಮರಿಯನ್ನು ಅದರ ತಾಯಿಯ ಹಾಲಿನಲ್ಲಿಯೇ ಬೇಯಿಸಲಾಗದೆಂಬ ನಿಷೇಧ ಮೂರು ಕಡೆ ಬರುತ್ತದೆ. ಮಾಂಸ ಮತ್ತು ಹಾಲು ಒಂದೇ ಊಟದಲ್ಲಿ ಸೇರಬಾರದು, ಎರಡಕ್ಕೂ ಪಾತ್ರೆಗಳು ಬೇರೆಯಾಗಿರಬೇಕು ಎಂಬ ಅವರ ಅಡುಗೆಮನೆಯ ಕಟ್ಟುಪಾಡೆಲ್ಲ ಆ ಒಂದು ವಾಕ್ಯದ ಮೇಲೆ ನಿಂತಿದೆ. ಮಾಂಸಾಹಾರವನ್ನು ಒಪ್ಪಿದ ಸಮಾಜದಲ್ಲಿಯೂ ತಾಯಿ ಮರಿಗಳ ಸಂಬಂಧವನ್ನು ಕುರಿತು ಒಂದು ಅಳುಕು ಇದ್ದಿತೆಂಬುದನ್ನು ಇದರಿಂದ ಊಹಿಸಬಹುದು. ಆಕಾಶದಲ್ಲಿಯೂ ಈ ಮರಿಗಳಿವೆ. ನಮ್ಮವರು ಬ್ರಹ್ಮಹೃದಯವೆಂದು ಕರೆಯುವ ನಕ್ಷತ್ರಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಸಣ್ಣ ಮೇಕೆ’ ಎಂದು ಹೆಸರು. ಅದರ ಬಳಿಯ ಚಿಕ್ಕ ತಾರೆಗಳನ್ನು ಇಂಗ್ಲಿಷರು ‘ಕಿಡ್ಸ್’ ಎನ್ನುತ್ತಾರೆ.

ಮಗುವಿಗೆ ಈ ಹೆಸರು ಬಂದದ್ದು 16ನೆಯ ಶತಮಾನದ ಕೊನೆಯಲ್ಲಿ, ಅದೂ ಸಂಭಾವಿತರ ಮನೆಯಲ್ಲಿ ಅಲ್ಲ, ಬೀದಿಯ ಕೀಳುಮಾತಿನಲ್ಲಿ. ಕನ್ನಡಿಗರಿಗೆ ಇದು ತಟ್ಟನೆ ಅರ್ಥವಾಗುವಂಥದು. ನಮ್ಮಲ್ಲಿ ಕುರಿಗೂ ಮರಿ, ಮೇಕೆಗೂ ಮರಿ, ಆನೆಗೂ ಗುಬ್ಬಿಗೂ ಮರಿ. ಹಸು ಎಮ್ಮೆಗಳಿಗೆ ಮಾತ್ರ ಕರು. ಅದೇ ‘ಮರಿ’ ಎಂಬ ಮಾತನ್ನು ಅಜ್ಜಿಯಾದವಳು ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ‘ಬಾ ಮರಿ’ ಎಂದು ಕರೆಯಲು ಬಳಸುತ್ತಾಳೆ. ಮೈಸೂರು ಸೀಮೆಯಲ್ಲಿ ಮರಿಯಪ್ಪ, ಮರಿಗೌಡ ಎಂಬ ಹೆಸರುಗಳೇ ಉಂಟು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕನ್ನಡದ ಮರಿ ಮುದ್ದಿನಿಂದ ಹುಟ್ಟಿದ ಮಾತು. ಅದರಲ್ಲಿ ಕೀಳೆಂಬ ಭಾವ ಎಂದೂ ಇರಲಿಲ್ಲ. ಇಂಗ್ಲಿಷಿನ ಕಿಡ್ ಮಾತ್ರ ಬಹುಕಾಲ ಕಳ್ಳರ, ಜೂಜುಕೋರರ, ಅಲೆಮಾರಿಗಳ ಬಾಯಲ್ಲಿ ಬೆಳೆಯಿತು. ಅದು ಮನೆಮಾತಾಗಿ ನೆಲೆಗೊಂಡದ್ದು 1840ರ ದಶಕದ ಹೊತ್ತಿಗೆ. ಆ ನಡುವಿನ ಎರಡೂವರೆ ಶತಮಾನಗಳಲ್ಲಿ ಅದು ಏನು ಮಾಡುತ್ತಿತ್ತೆಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

17ನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರು ಅಮೆರಿಕದ ವರ್ಜೀನಿಯಾದಲ್ಲಿ ವಸಾಹತು ಹೂಡಿದ್ದರು. ಹೊಗೆಸೊಪ್ಪಿನ ಬೆಳೆಗೆ ಆಳುಗಳು ಬೇಕಾಗಿದ್ದರು. ಲಂಡನ್ನಿನ ಬೀದಿಗಳಲ್ಲಿಯೋ ದಿಕ್ಕಿಲ್ಲದ ಬಡ ಮಕ್ಕಳು ತುಂಬಿದ್ದರು. ನಗರಸಭೆಯೂ ವರ್ಜೀನಿಯಾ ಕಂಪನಿಯೂ ಸೇರಿ 1619ರ ವೇಳೆಗೆ ಸುಮಾರು ನೂರು ಮಕ್ಕಳನ್ನು ಹಡಗಿನಲ್ಲಿ ಕಳುಹಿಸಿದವು. ಮರುವರ್ಷ ಮತ್ತೊಂದು ತಂಡವನ್ನು ಕಳುಹಿಸಹೊರಟಾಗ ಕೆಲವು ಮಕ್ಕಳು ಹೋಗಲೊಲ್ಲೆವೆಂದು ಹಟ ಹಿಡಿದರು. ಆಗ, 1620ರ ಜನವರಿಯಲ್ಲಿ, ರಾಜನ ಮಂತ್ರಿಸಭೆಯೇ ಅವರನ್ನು ಬಲವಂತವಾಗಿ ಕಳುಹಿಸಲು ಅಧಿಕಾರ ನೀಡಿತು. ಇದನ್ನು ಧರ್ಮಕಾರ್ಯವೆಂದೇ ಅಂದಿನವರು ಬಗೆದಿದ್ದರು. ಮಕ್ಕಳ ಪ್ರಯಾಣಕ್ಕೆ ಚಂದಾಹಣವೂ ಕೂಡಿತ್ತು. ಹೋದವರಲ್ಲಿ ಬಹುಪಾಲು ಮಕ್ಕಳು ಕೆಲವೇ ವರ್ಷಗಳಲ್ಲಿ ಅಲ್ಲಿಯೇ ಮಡಿದರು.

ಸರ್ಕಾರ ತೋರಿಸಿದ ದಾರಿಯಲ್ಲಿ ಖಾಸಗಿ ವ್ಯಾಪಾರಿಗಳು ನಡೆಯಲು ತಡವಾಗಲಿಲ್ಲ. ಕೂಲಿಯ ಕರಾರಿನ ಮೇಲೆ ಆಳನ್ನು ಸಾಗಿಸಿ, ಅಮೆರಿಕದ ಬಂದರಿನಲ್ಲಿ ಆ ಕರಾರನ್ನು ಮಾರಿದರೆ ಒಳ್ಳೆಯ ಲಾಭವಿತ್ತು. ಒಪ್ಪಿ ಬಂದವರು ಸಾಲದಿದ್ದಾಗ ಬಂದರಿನ ಬೀದಿಗಳಲ್ಲಿ ಮಕ್ಕಳನ್ನು ಮಿಠಾಯಿ ತೋರಿಸಿಯೋ ಸುಳ್ಳು ಹೇಳಿಯೋ ಹಡಗಿಗೆ ಹತ್ತಿಸುವ ದಲ್ಲಾಳಿಗಳು ಹುಟ್ಟಿಕೊಂಡರು. ಜನ ಇವರನ್ನು ಮೊದಲು ‘ಸ್ಪಿರಿಟ್’ಗಳೆಂದರು, ಎಂದರೆ ಮಕ್ಕಳನ್ನು ಕಾಣದಂತೆ ಮಾಯ ಮಾಡುವ ಭೂತಗಳು. 1645ರಲ್ಲಿ ಪಾರ್ಲಿಮೆಂಟು ಇಂತಹವರನ್ನು ಹಿಡಿದು ಶಿಕ್ಷಿಸಬೇಕೆಂದು ಶಾಸನ ಹೊರಡಿಸಿತು. 1654ರಲ್ಲಿ ಬ್ರಿಸ್ಟಲ್ ನಗರಸಭೆಯು, ಬಂದರಿನಿಂದ ಹೊರಡುವ ಪ್ರತಿಯೊಬ್ಬ ಆಳಿನ ಕರಾರನ್ನೂ ಪುಸ್ತಕದಲ್ಲಿ ದಾಖಲಿಸತಕ್ಕದ್ದೆಂದು ನಿಯಮ ಮಾಡಿತು. ಆ ಪುಸ್ತಕಗಳು ಉಳಿದುಬಂದಿವೆ. 1686ರವರೆಗಿನ ಅವಧಿಯಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಹೆಸರುಗಳು ಅದರಲ್ಲಿವೆ. ದಾಖಲೆಗೆ ಬಾರದೆ ಹೋದವರ ಲೆಕ್ಕ ಯಾರು ಬಲ್ಲರು?

1670–80ರ ದಶಕಗಳಲ್ಲಿ ಈ ದಂಧೆಗೆ ಹೊಸ ಹೆಸರೊಂದು ಬಂದಿತು. ಮಗುವೆಂಬರ್ಥದ ‘ಕಿಡ್’, ಕಸಿದುಕೊಳ್ಳುವುದೆಂಬರ್ಥದ ‘ನ್ಯಾಪ್’ ಎರಡೂ ಕಳ್ಳರ ಪರಿಭಾಷೆಯವು. ಎರಡನ್ನೂ ಕೂಡಿಸಿ ‘ಕಿಡ್‌ನ್ಯಾಪ್’ ಎಂದರು. ಇಂದು ವರ್ತಕನನ್ನು ಒತ್ತೆಯಾಗಿಟ್ಟುಕೊಂಡು ಹಣ ಕೇಳುವುದಕ್ಕೂ, ರಾಜಕಾರಣಿಯನ್ನು ಹೊತ್ತೊಯ್ಯುವುದಕ್ಕೂ ಈ ಪದವನ್ನೇ ಬಳಸುವುದರಿಂದ ಅದರ ಮೂಲಾರ್ಥ ಮರೆತುಹೋಗಿದೆ. ಮೂಲದಲ್ಲಿ ಅದು ತೋಟಗಳಿಗೆ ಆಳುಗಳಾಗಿ ಮಾರಲು ಮಕ್ಕಳನ್ನು ಕದಿಯುವ ವ್ಯಾಪಾರದ ಹೆಸರು.

ಈ ವ್ಯಾಪಾರದ ಒಳಗುಟ್ಟು ಹೊರಬಿದ್ದದ್ದು ಸ್ಕಾಟ್ಲೆಂಡಿನ ಪೀಟರ್ ವಿಲಿಯಮ್ಸನ್ ಎಂಬಾತನಿಂದ. 1743ರಲ್ಲಿ, ಇನ್ನೂ ಬಾಲಕನಾಗಿದ್ದಾಗ, ಆತನನ್ನು ಅಬರ್ಡೀನ್ ಬಂದರಿನಿಂದ ಹಡಗಿಗೆ ಹತ್ತಿಸಿ ಅಮೆರಿಕದ ಫಿಲಡೆಲ್ಫಿಯಾಕ್ಕೆ ಒಯ್ದು 16 ಪೌಂಡುಗಳಿಗೆ ಮಾರಲಾಯಿತು. ಕೊಂಡವನೂ ಒಂದು ಕಾಲಕ್ಕೆ ಹಾಗೆಯೇ ಕದ್ದೊಯ್ಯಲ್ಪಟ್ಟಿದ್ದ ಸ್ಕಾಟ್ಲೆಂಡಿನವನೇ ಆಗಿದ್ದು, ಹುಡುಗನನ್ನು ದಯೆಯಿಂದ ಕಂಡು ಶಾಲೆಗೂ ಕಳುಹಿಸಿದನೆಂದು ವಿಲಿಯಮ್ಸನ್ ಬರೆದುಕೊಂಡಿದ್ದಾನೆ. ಅನೇಕ ಸಾಹಸಗಳ ನಂತರ ಆತ ಬ್ರಿಟನ್ನಿಗೆ ಮರಳಿ, 1757ರಲ್ಲಿ ತನ್ನ ಕಥೆಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿದನು. ಮರುವರ್ಷ ಅದನ್ನು ಮಾರುತ್ತ ಅಬರ್ಡೀನಿಗೆ ಬಂದಾಗ ನಗರದ ಅಧಿಕಾರಿಗಳು ಆತನ ಮೇಲೆಯೇ ಮಾನಹಾನಿಯ ಆರೋಪ ಹೊರಿಸಿದರು. ವ್ಯಾಪಾರಿಗಳನ್ನು ದೂಷಿಸುವ ಪುಟಗಳನ್ನು ಪೇಟೆಯ ನಡುವೆ ಸುಡಿಸಿ, ಆತನನ್ನು ಊರಿನಿಂದ ಹೊರಗಟ್ಟಿದರು. ತೀರ್ಪು ನೀಡಿದ ಅಧಿಕಾರಸ್ಥರ ಬಳಗಕ್ಕೂ ಹಡಗಿನಲ್ಲಿ ಬಂಡವಾಳ ಹೂಡಿದ್ದವರಿಗೂ ನಡುವೆ ಗೋಡೆಯೇನೂ ಇರಲಿಲ್ಲ.

ವಿಲಿಯಮ್ಸನ್ ಸುಮ್ಮನಾಗಲಿಲ್ಲ. ಎಡಿನ್‌ಬರೊದ ಉಚ್ಚ ನ್ಯಾಯಾಲಯಕ್ಕೆ ಹೋದನು. ಅಲ್ಲಿ ಆತನಿಗೆ ನೆರವಾದ ಸಾಕ್ಷ್ಯಗಳಲ್ಲಿ ಬಹು ಮುಖ್ಯವಾದದ್ದು ವ್ಯಾಪಾರಿಗಳದೇ ಲೆಕ್ಕದ ಪುಸ್ತಕ. ಹುಡುಗರನ್ನು ತಂದೊಪ್ಪಿಸಿದವರಿಗೆ ಕೊಟ್ಟದ್ದೆಷ್ಟು, ಅವರ ಊಟ ಬಟ್ಟೆಗೆ ಖರ್ಚಾದದ್ದೆಷ್ಟು ಎಂಬುದನ್ನೆಲ್ಲ ಅವರು ಶಿಲ್ಲಿಂಗು ಪೆನ್ನಿಗಳಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ಲೆಕ್ಕ ಬರೆಯುವಾಗ ಕೈ ನಡುಗದಿದ್ದುದೇ ಆಶ್ಚರ್ಯ! ಉಣ್ಣೆ, ಮೀನು, ಹುಡುಗರು ಇವೆಲ್ಲ ಅವರಿಗೆ ಒಂದೇ ಖಾತೆಯ ಬಾಬತ್ತುಗಳು. 1762ರಲ್ಲಿ ನ್ಯಾಯಾಲಯ ಅಬರ್ಡೀನಿನ ಅಧಿಕಾರಿಗಳು ಆತನಿಗೆ 100 ಪೌಂಡು ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಕದ್ದೊಯ್ದ ವ್ಯಾಪಾರಿಗಳ ಮೇಲೆ ಹೂಡಿದ ಎರಡನೆಯ ದಾವೆಯಲ್ಲಿ 1768ರಲ್ಲಿ 200 ಪೌಂಡು ದೊರೆಯಿತು. ಆತ ಮುಂದೆ ಎಡಿನ್‌ಬರೊದಲ್ಲಿ ಕಾಫಿ ಅಂಗಡಿ ಇಟ್ಟು, ಆ ನಗರದ ಮೊದಲ ವಿಳಾಸ ಪುಸ್ತಕವನ್ನು 1773ರಲ್ಲಿ ಪ್ರಕಟಿಸಿ, ಒಂದು ಪೆನ್ನಿಯ ಅಂಚೆ ವ್ಯವಸ್ಥೆಯನ್ನೂ ನಡೆಸಿ ಗೌರವದಿಂದ ಬಾಳಿದನು. ಚಿಕ್ಕಪ್ಪನ ಆಸ್ತಿಯಾಸೆಗೆ ಬಲಿಯಾಗಿ 1728ರಲ್ಲಿ ಡಬ್ಲಿನ್ನಿನಿಂದ ಅಮೆರಿಕಕ್ಕೆ ಸಾಗಿಸಲ್ಪಟ್ಟ ಜೇಮ್ಸ್ ಆನ್ಸ್ಲಿಯ ಕಥೆ ಇನ್ನೂ ಪ್ರಸಿದ್ಧವಾದುದು. ಆದರೆ ಅದು ಒಂದು ಶ್ರೀಮಂತ ಮನೆತನದ ಜಗಳ. ವಿಲಿಯಮ್ಸನ್ನನ ಮೊಕದ್ದಮೆಯಲ್ಲಿ ವಿಚಾರಣೆಗೆ ನಿಂತದ್ದು ಒಂದು ಊರಿನ ವಾಣಿಜ್ಯವೇ.

ಜೈನ ಶ್ರಾವಕಾಚಾರದ ಗ್ರಂಥಗಳನ್ನು ಬಲ್ಲವರಿಗೆ ಇಲ್ಲಿ ಎರಡು ಮಾತು ನೆನಪಾಗದಿರದು. ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಕಳ್ಳತನಕ್ಕೆ ಪ್ರೇರಿಸುವ ‘ಸ್ತೇನಪ್ರಯೋಗ’ವನ್ನೂ, ಕದ್ದ ವಸ್ತುವನ್ನು ಕೊಳ್ಳುವ ‘ತದಾಹೃತಾದಾನ’ವನ್ನೂ ಹೆಸರಿಸುತ್ತದೆ. ಅಬರ್ಡೀನಿನ ವ್ಯಾಪಾರಿಗಳು ಸ್ವತಃ ಬೀದಿಯಲ್ಲಿ ಮಕ್ಕಳ ಕೈ ಹಿಡಿದೆಳೆದವರಲ್ಲ. ಹಿಡಿತಂದವರಿಗೆ ಹಣ ಕೊಟ್ಟವರು. ಸೂತ್ರಕಾರರ ದೃಷ್ಟಿಯಲ್ಲಿ ಆ ಭೇದ ಅವರನ್ನು ರಕ್ಷಿಸಲಾರದು. ಎರಡನೆಯದು ಇನ್ನೂ ವಿಚಾರಾರ್ಹ. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ವರ್ಜಿಸಬೇಕಾದ ಹದಿನೈದು ಉದ್ಯೋಗಗಳನ್ನು ಎಣಿಸುತ್ತ ‘ಕೇಶವಾಣಿಜ್ಯ’ವೆಂಬುದನ್ನು ಹೇಳುತ್ತಾರೆ. ಕೂದಲಿನ ವ್ಯಾಪಾರವೆಂದು ಮೇಲುನೋಟಕ್ಕೆ ತೋರಿದರೂ ಅವರು ಕೊಡುವ ವಿವರಣೆ ಬೇರೆ: ದ್ವಿಪದಿಗಳ ಮತ್ತು ಚತುಷ್ಪದಿಗಳ, ಅಂದರೆ ಮನುಷ್ಯರ ಮತ್ತು ಪ್ರಾಣಿಗಳ ಮಾರಾಟ. ಎರಡು ಕಾಲಿನ ಜೀವಿಯನ್ನೂ ನಾಲ್ಕು ಕಾಲಿನ ಜೀವಿಯನ್ನೂ ಒಂದೇ ಪದದಲ್ಲಿ ಹಿಡಿದದ್ದು ಇಂಗ್ಲಿಷಿನ ಕಿಡ್ ಒಂದೇ ಅಲ್ಲವೆಂದಾಯಿತು. ಆದರೆ ಆಚಾರ್ಯರು ಹಿಡಿದದ್ದು ನಿಷೇಧಿಸುವುದಕ್ಕಾಗಿ.

ಇನ್ನು ನಾಲ್ಕು ಕಾಲಿನ ಕಿಡ್‌ನ ಗತಿ ಏನಾಯಿತು? ಅದು ಕೈಗವಸಾಯಿತು. ಯೂರೋಪಿನ ಸಂಭಾವಿತ ಸ್ತ್ರೀಪುರುಷರು ಧರಿಸುತ್ತಿದ್ದ ನಯವಾದ ‘ಕಿಡ್’ ಕೈಗವಸುಗಳು 17ನೆಯ ಶತಮಾನದಿಂದಲೂ ಪ್ರಸಿದ್ಧ. ಫ್ರಾನ್ಸಿನ ಗ್ರೆನೋಬಲ್ ನಗರ ಈ ಉದ್ಯಮಕ್ಕೆ ಹೆಸರಾಗಿತ್ತು. ಅಲ್ಲಿಯ ಕ್ಸೇವಿಯೆ ಜೂವ್ಯಾ ಎಂಬಾತ 1830ರ ದಶಕದಲ್ಲಿ ಮನುಷ್ಯರ ಕೈಗಳ ಅಳತೆಗಳನ್ನು ವರ್ಗೀಕರಿಸಿ, ಅಚ್ಚಿನಿಂದ ತೊಗಲನ್ನು ಕತ್ತರಿಸುವ ಕ್ರಮವನ್ನು ತಂದ ಮೇಲೆ ಉತ್ಪಾದನೆ ಬಹಳ ಹೆಚ್ಚಿತು. ಅತ್ಯುತ್ತಮವಾದ ತೊಗಲೆಂದರೆ ಇನ್ನೂ ತಾಯಿಯ ಹಾಲನ್ನೇ ಕುಡಿಯುತ್ತಿರುವ ಮರಿಯದು. ಮರಿ ಹುಲ್ಲಿಗೆ ಬಾಯಿಟ್ಟಿತೆಂದರೆ ಚರ್ಮ ಒರಟಾಗುತ್ತದೆ, ಬೆಲೆ ಇಳಿಯುತ್ತದೆ. ಆದ್ದರಿಂದ ಹಾಲು ಬಿಡುವ ಮೊದಲೇ ಅದರ ಆಯುಷ್ಯ ಮುಗಿಸಬೇಕು. ಹಾಗೆ ತೆಗೆದ ತೊಗಲನ್ನು ಪಟಿಕ, ಉಪ್ಪು, ಗೋಧಿಹಿಟ್ಟು ಮತ್ತು ಮೊಟ್ಟೆಯ ಹಳದಿ ಭಾಗ ಸೇರಿಸಿದ ಗಸಿಯಲ್ಲಿ ತುಳಿದು ಮೆದುಗೊಳಿಸುತ್ತಿದ್ದರು. ಒಂದು ಜೊತೆ ಕೈಗವಸಿನ ಹಿಂದೆ ಒಂದು ಹಿಂಸೆಯಲ್ಲ, ಹಲವು. ಐರ್ಲೆಂಡಿನ ಲಿಮರಿಕ್ ನಗರದ ಕೈಗವಸುಗಳು ಇದಕ್ಕೂ ತೆಳ್ಳಗೆ. ಅಕ್ರೋಟಿನ ಚಿಪ್ಪಿನಲ್ಲಿ ಮಡಿಸಿಟ್ಟು ಮಾರುವಷ್ಟು. ಅವನ್ನು ಇನ್ನೂ ಹುಟ್ಟದ ಕರುಗಳ ಚರ್ಮದಿಂದ ಮಾಡುತ್ತಿದ್ದರೆಂದರೆ ಮುಂದೆ ಹೇಳಬೇಕಾದ್ದಿಲ್ಲ.

ವಿಚಿತ್ರವೆಂದರೆ ಇಂಗ್ಲಿಷಿನಲ್ಲಿ ಯಾರನ್ನಾದರೂ ಅತ್ಯಂತ ಮೃದುವಾಗಿ, ನೋಯಿಸದಂತೆ ನಡೆಸಿಕೊಳ್ಳುವುದಕ್ಕೆ ‘ಕಿಡ್ ಕೈಗವಸು ತೊಟ್ಟು ಮುಟ್ಟುವುದು’ ಎಂದೇ ನುಡಿಗಟ್ಟು. 19ನೆಯ ಶತಮಾನದಲ್ಲಿ ಹುಟ್ಟಿದ ಈ ಮಾತು ಇಂದಿಗೂ ಪತ್ರಿಕೆಗಳಲ್ಲಿ ಬರುತ್ತದೆ. ಮುಟ್ಟಿಸಿಕೊಳ್ಳುವವನಿಗೆ ಮೃದು ನಿಜ. ಆ ಮೃದುತ್ವ ಬಂದದ್ದೆಲ್ಲಿಂದ ಎಂಬುದನ್ನು ನುಡಿಗಟ್ಟು ಹೇಳುವುದಿಲ್ಲ.

ಈ ಸರಕಿಗೆ ಭಾರತದ ನಂಟೂ ಇದೆ. ಮದರಾಸು ಪ್ರಾಂತದಲ್ಲಿ ತಂಗಡಿ ಗಿಡದ ತೊಗಟೆಯಿಂದ ಹದಮಾಡಿದ ಮೇಕೆಚರ್ಮಗಳು 19ನೆಯ ಶತಮಾನದಿಂದ ಲಂಡನ್ನಿನ ಪೇಟೆಗೆ ಹೋಗುತ್ತಿದ್ದವು. ಮುಂದೆ ಫಿಲಡೆಲ್ಫಿಯಾದಲ್ಲಿ ಕ್ರೋಮ್ ಉಪ್ಪುಗಳಿಂದ ಹದಮಾಡುವ ವಿಧಾನ ಬಂದ ಮೇಲೆ, ಭಾರತವೇ ಮೊದಲಾದ ದೇಶಗಳಿಂದ ತರಿಸಿದ ಹಸಿ ಚರ್ಮವನ್ನು ಹೊಳಪುಗೊಳಿಸಿ ‘ವಿಸಿ ಕಿಡ್’ ಮುಂತಾದ ಹೆಸರುಗಳಲ್ಲಿ ಪಾದರಕ್ಷೆಗಳಿಗೆ ಮಾರಿದರು. ವಾಸ್ತವವಾಗಿ ಅದರಲ್ಲಿ ಮರಿಯ ಚರ್ಮಕ್ಕಿಂತ ಬೆಳೆದ ಮೇಕೆಯ ಚರ್ಮವೇ ಹೆಚ್ಚು. ಎಳೆಯ ಜೀವವೆಂದು ಹೇಳಿದರೆ ಬೆಲೆ ಹೆಚ್ಚು ಬರುವ ಪೇಟೆ ಅದು! ಫಿಲಡೆಲ್ಫಿಯಾ ಎಂದರೆ, ನೂರೈವತ್ತು ವರ್ಷಗಳ ಹಿಂದೆ ವಿಲಿಯಮ್ಸನ್ ಮಾರಾಟವಾದ ಊರೇ. ಇಂದಿಗೂ ಬೂಟು, ಕೈಚೀಲ, ಕೈಗವಸುಗಳ ಚೀಟಿಯಲ್ಲಿ ‘ಕಿಡ್’ ಎಂದಿದ್ದರೆ ಮಕ್ಕಳ ಅಳತೆಯದೆಂದು ತಿಳಿಯುವ ಸಂಭವವುಂಟು. ಚರ್ಮದ ವಸ್ತುಗಳನ್ನು ಬಳಸದ ಮನೆಗಳವರು ಇದನ್ನು ಗಮನದಲ್ಲಿಡಬೇಕು.

‘ಮರುಳುಗೊಳಿಸು’ ಎಂಬ ಅರ್ಥಕ್ಕೆ ಬಂದರೆ, ಅದೂ ಕಳ್ಳರ ಮಾತಿನಿಂದಲೇ. ಒಬ್ಬನನ್ನು ಮಗುವಿನಂತೆ ಮಾಡಿ ಮೋಸಗೊಳಿಸುವುದು 19ನೆಯ ಶತಮಾನದ ಆರಂಭದಲ್ಲಿ ‘ಕಿಡ್’ ಮಾಡುವುದಾಗಿತ್ತು. 1830ರ ದಶಕದ ಹೊತ್ತಿಗೆ ಅದು ಬರೀ ಪರಿಹಾಸ್ಯವಾಯಿತು. ಫ್ರಾನ್ಸಿಸ್ ಗ್ರೋಸ್ ಎಂಬಾತ 1785ರಲ್ಲಿ ಪ್ರಕಟಿಸಿದ ಕೀಳುನುಡಿಯ ನಿಘಂಟಿನಲ್ಲಿ ‘ಕಿಡ್ ಲೇ’ ಎಂಬ ವಂಚನೆಯ ವಿವರಣೆ ಇದೆ. ಅಂಗಡಿಯ ಹುಡುಗ ಸಾಮಾನಿನ ಗಂಟು ಹೊತ್ತು ಗಿರಾಕಿಯ ಮನೆಗೆ ಹೊರಟಿರುತ್ತಾನೆ. ವಂಚಕನೊಬ್ಬ ಅವನನ್ನು ತಡೆದು, ಹತ್ತಿರದಲ್ಲೊಂದು ಸಣ್ಣ ಕೆಲಸ ಮಾಡಿಕೊಟ್ಟು ಬಾ, ಅಷ್ಟರವರೆಗೆ ಗಂಟನ್ನು ನೋಡಿಕೊಂಡಿರುತ್ತೇನೆ ಎನ್ನುತ್ತಾನೆ. ಹುಡುಗ ಹಿಂದಿರುಗುವಷ್ಟರಲ್ಲಿ ಗಂಟೂ ಇಲ್ಲ, ಗಂಟಿನ ಕಾವಲುಗಾರನೂ ಇಲ್ಲ. ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಇದು ಇನ್ನೂರು ವರ್ಷ ಹಿಂದಿನ ಲಂಡನ್ನಿನ ಕಥೆಯೆಂದು ತೋರುವುದೇ ಇಲ್ಲ.

ಕಳ್ಳರ ಪರಿಭಾಷೆಯ ಪದವೊಂದು ಗಂಭೀರವಾದ ಕಾನೂನಿನ ಪುಸ್ತಕವನ್ನು ಸೇರಿದ್ದೂ ಒಂದು ವಿನೋದವೇ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ‘ಕಿಡ್‌ನ್ಯಾಪಿಂಗ್’ ಎಂಬುದೇ ಅಪರಾಧದ ಅಧಿಕೃತ ಹೆಸರಾಯಿತು. ಪೋಷಕರ ವಶದಲ್ಲಿರುವ ಅಪ್ರಾಪ್ತ ವಯಸ್ಕರನ್ನು ಪೋಷಕರ ಸಮ್ಮತಿಯಿಲ್ಲದೆ ಒಯ್ದರೆ ಅಪರಾಧ. ಮಗು ತಾನಾಗಿ ಒಪ್ಪಿ ಬಂದಿತೆಂಬ ವಾದಕ್ಕೆ ಅಲ್ಲಿ ಬೆಲೆಯಿಲ್ಲ. ಮಿಠಾಯಿ ತೋರಿಸಿ ಹಡಗಿಗೆ ಹತ್ತಿಸಿದ ದಲ್ಲಾಳಿಗಳ ನೆನಪು ಈ ನಿಯಮದ ಹಿಂದೆ ಇರಬಹುದೆನಿಸುತ್ತದೆ. ಹಳೆಯ ಸಂಹಿತೆಯಲ್ಲಿ ಗಂಡುಮಕ್ಕಳಿಗೆ 16, ಹೆಣ್ಣುಮಕ್ಕಳಿಗೆ 18 ವರ್ಷಗಳ ಮಿತಿಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಭೇದ ಹೋಗಿ, ಇಬ್ಬರಿಗೂ 18 ಆಗಿದೆ.

ಬಲವಂತವಾಗಿ ಒಯ್ಯಲ್ಪಟ್ಟ ಮಕ್ಕಳ ಕಥೆ ಕನ್ನಡ ಜೈನ ಸಾಹಿತ್ಯಕ್ಕೆ ಹೊಸದೇನಲ್ಲ. ಸುಮಾರು 1209ರಲ್ಲಿ ಜನ್ನ ಕವಿ ರಚಿಸಿದ ಯಶೋಧರ ಚರಿತೆಯಲ್ಲಿ, ಮಾರಿದತ್ತನ ಆಳುಗಳು ಚಂಡಮಾರಿಯ ಬಲಿಗೆಂದು ಹಿಡಿತರುವುದು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು. ಆ ಮಕ್ಕಳು ತಮ್ಮ ಹಿಂದಿನ ಭವಗಳನ್ನು ಹೇಳುತ್ತ ಹೋದಾಗ, ನವಿಲು ನಾಯಿ ಮೊದಲಾದ ಜನ್ಮಗಳ ನಡುವೆ ಆಡಿನ ಜನ್ಮವೂ ಬರುತ್ತದೆ. ಆಡೂ ತಾನೇ, ಮಗುವೂ ತಾನೇ ಎಂದು ಹೇಳುವ ಅವರ ಮಾತಿನಿಂದ ದೊರೆಯ ಮನಸ್ಸು ಬದಲಾಗಿ ಬಲಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಬೀದಿಯ ಕೀಳುಮಾತು ಆಕಸ್ಮಿಕವಾಗಿ ಜೋಡಿಸಿದ ಎರಡು ಅರ್ಥಗಳನ್ನು ಜನ್ನನು ಕರ್ಮಸಿದ್ಧಾಂತದ ಬಲದಿಂದ ಜೋಡಿಸಿದ್ದಾನೆ.

20ನೆಯ ಶತಮಾನದಲ್ಲಿ ಕಿಡ್ ಪದಕ್ಕೆ ಜಗತ್ತಿನಾದ್ಯಂತ ಮುದ್ದಿನ ಅರ್ಥ ಹರಡಲು ಅಮೆರಿಕದ ಚಲನಚಿತ್ರಗಳೂ ಒಂದು ಕಾರಣ. 1921ರಲ್ಲಿ ಚಾರ್ಲಿ ಚಾಪ್ಲಿನ್ ತೆಗೆದ ಚಿತ್ರದ ಹೆಸರೇ ‘ದಿ ಕಿಡ್’. ಅನಾಥ ಮಗುವನ್ನು ಬಡವನೊಬ್ಬ ಸಾಕುವ ಕಥೆ. ಮಗುವಿನ ಪಾತ್ರ ವಹಿಸಿದ ಜ್ಯಾಕಿ ಕೂಗನ್ ಲೋಕಪ್ರಸಿದ್ಧನಾದನು. ಬಾಲ್ಯದಲ್ಲಿಯೇ ಲಕ್ಷಗಟ್ಟಲೆ ಡಾಲರುಗಳನ್ನು ಸಂಪಾದಿಸಿದನು. ಪ್ರಾಯಕ್ಕೆ ಬಂದ ಮೇಲೆ ತನ್ನ ಗಳಿಕೆಯನ್ನು ಕೇಳಿದರೆ ಹಣವಿರಲಿಲ್ಲ. ತಾಯಿ ಮತ್ತು ಮಲತಂದೆ ಬಹುಪಾಲನ್ನು ಖರ್ಚು ಮಾಡಿದ್ದರು. ಅಪ್ರಾಪ್ತ ವಯಸ್ಕನ ಸಂಪಾದನೆ ತಂದೆತಾಯಿಯರದೆಂಬುದೇ ಆಗಿನ ಕಾನೂನು. 1938ರಲ್ಲಿ ಆತ ಹೆತ್ತ ತಾಯಿಯ ಮೇಲೆಯೇ ದಾವೆ ಹೂಡಬೇಕಾಯಿತು; ದೊರೆತದ್ದು ಸುಮಾರು 1,26,000 ಡಾಲರು ಮಾತ್ರ. ಈ ಪ್ರಕರಣದಿಂದ ಕ್ಯಾಲಿಫೋರ್ನಿಯಾ ರಾಜ್ಯ ಎಚ್ಚೆತ್ತು 1939ರಲ್ಲಿ, ಬಾಲನಟರ ಗಳಿಕೆಯ ಒಂದು ಭಾಗವನ್ನು ಅವರ ಹೆಸರಿನಲ್ಲಿಯೇ ನ್ಯಾಸವಾಗಿ ಇಡತಕ್ಕದ್ದೆಂದು ಕಾಯಿದೆ ಮಾಡಿತು. ಜನ ಅದನ್ನು ಕೂಗನ್ನನ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಅದು ನ್ಯಾಯಾಲಯದ ಮುಂದೆ ಬಂದ ಕರಾರುಗಳಿಗಷ್ಟೇ ಅನ್ವಯವಾಗುತ್ತಿದ್ದುದರಿಂದ ಅನೇಕ ಮಕ್ಕಳ ಹಣ ಹಿಂದಿನಂತೆಯೇ ಕರಗಿತು. ಮಗುವಿನ ಗಳಿಕೆ ಮಗುವಿನದೇ ಆಸ್ತಿ, ಅದರಲ್ಲಿ ಶೇಕಡಾ 15ನ್ನು ಪ್ರಾಯಕ್ಕೆ ಬರುವವರೆಗೆ ಯಾರೂ ಮುಟ್ಟದಂತೆ ಬೇರೆ ಖಾತೆಯಲ್ಲಿಡಬೇಕು ಎಂಬ ನಿಯಮ ಅಲ್ಲಿ ಜಾರಿಗೆ ಬಂದದ್ದು 2000ದ ಜನವರಿ 1ರಂದು.